ಹಾಡನ್ನು ತಿದ್ದುವ ಯಂತ್ರ

ಬರಹವನ್ನು ತಿದ್ದುವುದು ನಮಗೆ ಹೊಸದಲ್ಲ. ಅಧ್ಯಾಪಕರ ಕೆಂಪು ಶಾಯಿಯನ್ನು ಕಾಣದ ವಿದ್ಯಾರ್ಥಿ ಯಾರಿದ್ದಾನೆ? ಆದರೆ ಹಾಡಿ ಮುಗಿಸಿದ ಹಾಡನ್ನೂ ಹಾಗೆಯೇ ತಿದ್ದಬಹುದಾದ ಕಾಲದಲ್ಲಿ ನಾವಿದ್ದೇವೆ. ಇದರಿಂದ ಸಂಗೀತಕ್ಕೆ ಲಾಭವೋ ನಷ್ಟವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಧ್ವನಿಯು ನೇರವಾಗಿ ಮೇಣದ ತಟ್ಟೆಯ ಮೇಲೆ ಕೊರೆದುಕೊಳ್ಳುತ್ತಿತ್ತು. ತಪ್ಪಿದರೆ ಮೊದಲಿನಿಂದ ಹಾಡಬೇಕಿತ್ತು. ಟೇಪು ಬಂದ ಮೇಲೆ ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ಸಾಧ್ಯವಾಯಿತು. ಇಂದು ಗಣಕಯಂತ್ರದಲ್ಲಿ ಧ್ವನಿಯೆಂದರೆ ಅಂಕಿಗಳ ಸಾಲು, ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ಅಂಕಿ ಬದಲಾದರೆ ಧ್ವನಿಯೂ ಬದಲಾಯಿತು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶವಂತೂ ಉಚಿತವಾಗಿಯೇ ದೊರೆಯುವುದರಿಂದ ಈ ಶಕ್ತಿ ಬಡ ವಿದ್ಯಾರ್ಥಿಗೂ ಲಭಿಸಿದೆ.

ಇದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾನ್ ಲೆನನ್ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡೊಂದು, ಆತ 1980ರಲ್ಲಿ ತೀರಿಕೊಂಡ ಬಹುಕಾಲದ ಅನಂತರ, 2023ರಲ್ಲಿ ಪ್ರಕಟವಾಯಿತು. ಪಿಯಾನೋದೊಡನೆ ಬೆರೆತಿದ್ದ ಕಂಠವನ್ನು ಬೇರ್ಪಡಿಸಿಕೊಟ್ಟದ್ದು ಹೊಸ ತಂತ್ರಾಂಶವೇ. ನಮ್ಮ ಹಿಂದಿನ ವಿದ್ವಾಂಸರ ಸವೆದ ತಟ್ಟೆಗಳ ಕರಕರ ಸದ್ದನ್ನು ಕಳೆಯುವುದೂ ಪುಣ್ಯದ ಕೆಲಸವೇ ಸರಿ.

ನನ್ನ ಆಕ್ಷೇಪಣೆಯೆಲ್ಲ ಶ್ರುತಿಯನ್ನು ತಿದ್ದುವ ವಿಷಯದಲ್ಲಿ. ಎಣ್ಣೆ ನಿಕ್ಷೇಪಗಳ ಶೋಧನೆಯಲ್ಲಿ ದುಡಿದಿದ್ದ ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಆಟೋಟ್ಯೂನ್ ಎಂಬ ತಂತ್ರಾಂಶವನ್ನು ತಂದರು. ಅದು ಜಾರಿದ ಸ್ವರವನ್ನು ಹತ್ತಿರದ ನಿಗದಿಯಾದ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಆದರೆ ನಮ್ಮ ತೋಡಿಯ ಗಾಂಧಾರ ಒಂದೆಡೆ ಕೂರುವಂಥದೇ? ಅದರ ಓಲಾಟದಲ್ಲಿಯೇ ರಾಗದ ಜೀವವಿದೆ. ರಾಗಜ್ಞಾನವುಳ್ಳವನು ತಿದ್ದುವ ವೇಗವನ್ನು ತಗ್ಗಿಸಿ ಗಮಕವನ್ನು ಉಳಿಸಿಯಾನು. ಅದಿಲ್ಲದವನು ಗಮಕವನ್ನೇ ತಪ್ಪೆಂದು ಒರಸಿಹಾಕಿಯಾನು. ಅಂದಮೇಲೆ ಯಂತ್ರಕ್ಕಿಂತ ಮೊದಲು ಕಿವಿ ಪಳಗಬೇಕು.

“ಕೇಳಲು ಇಂಪಾಗಿದ್ದರೆ ಸಾಲದೆ?” ಎಂದು ಕೆಲವು ಮಿತ್ರರು ಕೇಳುತ್ತಾರೆ. ಸಾಲದು. ಕಲಿಯುವವನು ತನ್ನ ಕಂಠವನ್ನು ಅನ್ಯರ ಹಾಡಿನೊಡನೆ ಹೋಲಿಸಿಯೇ ಮುಂದುವರಿಯುತ್ತಾನೆ. ಕೇಳಿದ್ದೆಲ್ಲ ತಿದ್ದಿದ ಹಾಡೇ ಆದರೆ, ಯಾವ ಮನುಷ್ಯಕಂಠವೂ ಮುಟ್ಟದ ಗುರಿಯನ್ನು ಕಂಡು ಅವನು ತಂಬೂರಿಯನ್ನು ಮೂಲೆಗಿಟ್ಟಾನು. ಅದೇ ದೊಡ್ಡ ನಷ್ಟ.

ಆದಕಾರಣ ನಮ್ಮ ಕಾಲೇಜಿನ ಸಂಗೀತ ಸ್ಪರ್ಧೆಗೆ ಧ್ವನಿಮುದ್ರಣ ಕಳುಹಿಸುವವರು ಸದ್ದನ್ನು ಶುದ್ಧಗೊಳಿಸಲಿ, ಸ್ವರವನ್ನು ಮಾತ್ರ ಹಾಡಿದಂತೆಯೇ ಬಿಡಲಿ. ತಿದ್ದಿದ್ದರೆ ಹಾಗೆಂದು ತಿಳಿಸಲಿ. ಅಲ್ಲಲ್ಲಿ ಶ್ರುತಿ ತಪ್ಪಿದರೂ ಸಹಪಾಠಿಯ ಸ್ವಂತ ಕಂಠವನ್ನು ಕೇಳುವುದೇ ನನಗೆ ಹೆಚ್ಚು ಪ್ರಿಯ.