ಹೂವು ಬಿಟ್ಟರೂ ಕಾಯಿ ಕಟ್ಟದ ಟೊಮೆಟೊ

2023ರ ಜುಲೈಯಲ್ಲಿ ಟೊಮೆಟೊ ದರ ಕಿಲೋಗೆ ನೂರು ರೂಪಾಯಿ ದಾಟಿದ್ದು ಯಾವ ತಾಯಿಗೆ ನೆನಪಿಲ್ಲ? ಮಾಳಿಗೆಯ ಮೇಲೆ ಹಳೆಯ ಬಕೆಟ್ಟಿನಲ್ಲಿ ನಾಲ್ಕು ಗಿಡ ಹಚ್ಚಿದರೆ ಸಾರಿನ ಚಿಂತೆ ತಪ್ಪೀತು ಎನಿಸುವುದು ಸಹಜ. ಆದರೆ ಕನಮಡಿಯಂಥ ಊರಿನಲ್ಲಿ ಯುಗಾದಿ ದಾಟಿದ ಮೇಲೆ ಗಿಡದ ತುಂಬ ಹಳದಿ ಹೂವು ಬಿಡುತ್ತದೆ, ಕಾಯಿ ಮಾತ್ರ ಇಲ್ಲ. ಹೂವು ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. ಬೀಜ ಖೊಟ್ಟಿ ಎಂದು ಅಪ್ಪ, ದೃಷ್ಟಿ ತಾಗಿತು ಎಂದು ಅಜ್ಜಿ. ಪಾಪ, ಹುಡುಗರು ಇನ್ನೊಂದು ಕೊಡ ನೀರು ಹೊತ್ತು ಹಾಕುತ್ತಾರೆ.

ನಿಜವಾದ ಕಾರಣ ಸೆಕೆ. ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಈ ಗಿಡ ತಂಪು ರಾತ್ರಿಗೆ ಹೊಂದಿಕೊಂಡದ್ದು. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಹಗಲು 35 ಡಿಗ್ರಿ ಮೀರಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ನಿಸ್ಸತ್ವವಾಗುತ್ತದೆ. ಹೂವು ಅರಳುವ ವಾರ, ಹತ್ತು ದಿನ ಮೊದಲು ಮೊಗ್ಗಿನೊಳಗೇ ಹಾನಿ ನಡೆದಿರುತ್ತದೆ. ಅರಳಿದ ಮೇಲೆ ಎಷ್ಟು ನೀರು ಹಾಕಿದರೇನು!

ಹಾಗಾದರೆ ಹಸಿರುಮನೆ ಕಟ್ಟಿದರಾಯಿತೇ? ಹಾಲೆಂಡಿನ ಗಾಜಿನ ಮನೆ ಇರುವುದು ಬಿಸಿ ಹಿಡಿದಿಡಲು. ಇಲ್ಲಿ ಮುಚ್ಚಿದ ಪ್ಲಾಸ್ಟಿಕ್ ಮನೆ ಬೇಸಿಗೆಯಲ್ಲಿ ಒಲೆಯೇ ಸರಿ. ನಾಲ್ಕೂ ಕಡೆ ಗಾಳಿಯಾಡುವಂತೆ ಮೇಲೆ ನೆರಳುಬಲೆ ಕಟ್ಟುವುದು ಮೇಲು. ಇನ್ನೊಂದು ಮಾತು. ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಕೇಸರಗಳ ಒಳಗಿರುತ್ತದೆ, ಹೂವು ಅದುರಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಗಾಳಿಯಿಲ್ಲದ ಗಾಜಿನ ಮನೆಗಳಲ್ಲಿ ಯುರೋಪಿನವರು ಹಿಂದೆ ವಿದ್ಯುತ್ ಕಂಪಕ ಹಿಡಿದು ಹೂವು ಹೂವನ್ನೂ ಅಲುಗಿಸುತ್ತಿದ್ದರು. 1980ರ ದಶಕದ ಕೊನೆಯಿಂದ ಆ ಕೆಲಸಕ್ಕೆ ಬಂಬಲ್ ದುಂಬಿ ಬಂತು. ಮನೆಯ ಗಿಡಕ್ಕೆ ಬೆಳಿಗ್ಗೆ ಬೆರಳಿನಿಂದ ಗೊಂಚಲಿನ ತೊಟ್ಟು ಮೀಟಿದರೆ ಸಾಕು.

ತಳಿಯ ಆಯ್ಕೆಯೂ ಮುಖ್ಯ. ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ತಳಿ ಬಕೆಟ್ಟಿಗಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ವಿಕಾಸ್', ಅಮೆರಿಕದ 'ಟಿಪ್‌ಟಾಪ್' ತಳಿಯಿಂದ ಆರಿಸಿದ್ದು, ನೀರಿನ ಕೊರತೆಯನ್ನು ತಕ್ಕಮಟ್ಟಿಗೆ ತಾಳುತ್ತದೆ. ಅದರ ಬೀಜ ಮನೆಯಲ್ಲೇ ಹಿಡಿಯಬಹುದು. ಅಲ್ಲಿಯದೇ 'ಅರ್ಕಾ ರಕ್ಷಕ್' ಎಲೆಮುಟುರು ನಂಜಾಣು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ಆದರೆ ಸಂಕರಣ ತಳಿಯಾದ್ದರಿಂದ ಅದರ ಹಣ್ಣಿನ ಬೀಜ ಬಿತ್ತಿದರೆ ಮಕ್ಕಳು ತಾಯಿಯಂತಿರುವುದಿಲ್ಲ.

ಹದಿನೈದು ಲೀಟರಿನ ಬಕೆಟ್ಟು, ತಳಕ್ಕೆ ತೂತು, ಬಿಸಿಲು ತಾಗದಂತೆ ಸುತ್ತ ಗೋಣಿತಟ್ಟು. ಬರೀ ಎರೆಮಣ್ಣು ಬೇಡ, ಉಸುಕು, ತಿಪ್ಪೆಗೊಬ್ಬರ ಬೆರೆಸಬೇಕು. ಕಾಯಿಯ ಬುಡ ಕಪ್ಪಾಗಿ ಕೊಳೆತರೆ ಸುಣ್ಣ ಸುರಿಯುವವರುಂಟು. ಈ ಸೀಮೆಯ ಮಣ್ಣಿನಲ್ಲಿ ಸುಣ್ಣಕ್ಕೇನು ಬರವೇ? ನೀರು ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂದಾದಾಗ ನೀರಿನೊಡನೆ ಸಾಗಬೇಕಾದ ಕ್ಯಾಲ್ಸಿಯಂ ಕಾಯಿಗೆ ಮುಟ್ಟುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿದರೆ ಹೂವು ಬಿಡುವ ಹೊತ್ತಿಗೆ ಚಳಿ ಬಿದ್ದಿರುತ್ತದೆ. ಬೇಸಿಗೆಯಲ್ಲೂ ಒಂದು ಗಿಡ ಇಟ್ಟು, ಎರಡೂ ಕಾಲದಲ್ಲಿ ಹೂವೆಷ್ಟು, ಕಾಯಿಯೆಷ್ಟು ಎಂದು ಹುಡುಗರು ವಹಿಯಲ್ಲಿ ಬರೆದಿಡಲಿ. ಅಜ್ಜಿಗೂ ತೋರಿಸಬಹುದು.