ಯೋಧನೊಂದಿಗೆ ಮನೆಗೆ ಬರುವ ಯುದ್ಧ



ಮೊನ್ನೆ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕನೇ ತರಗತಿಯ ಹುಡುಗರು ಮೈದಾನದಲ್ಲಿ ಕಮಾಂಡೋ ಆಟ ಆಡುತ್ತಿದ್ದರು. ಕೈಯಲ್ಲಿ ಕೋಲು, ಬಾಯಲ್ಲಿ ಗುಂಡಿನ ಸದ್ದು. ಸತ್ತವರು ಒಂದು ನಿಮಿಷ ಮಣ್ಣಲ್ಲಿ ಬಿದ್ದುಕೊಂಡು ಮತ್ತೆ ಎದ್ದು ಓಡುತ್ತಿದ್ದರು. ಗಂಟೆ ಹೊಡೆದ ಮೇಲೆ ತರಗತಿಯೊಳಗೆ ಬರುತ್ತಾ ಒಬ್ಬ ಹುಡುಗ ಕೇಳಿದ: "ಟೀಚರ್, ಯುದ್ಧ ಮುಗಿದ ಮೇಲೆ ಕಮಾಂಡೋ ಏನು ಮಾಡ್ತಾನೆ?"

"ಮನೆಗೆ ಹೋಗ್ತಾನೆ" ಎಂದೆ. ಹುಡುಗನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಮನೆಗೆ ಹೋದ ಒಬ್ಬ ಕಮಾಂಡೋನ ಕಥೆ ನನ್ನ ತಲೆಯಲ್ಲಿತ್ತು. ಅದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಅದು ಬಂದೂಕಿನ ಕಥೆಯಂತೆ ಕಂಡರೂ ನಿಜವಾಗಿ ಮನೆಯ ಕಥೆ. ಹಾಗಾಗಿ ಹೆಂಗಸರು ಓದುವ ಪುಟದಲ್ಲಿ ಇದೇಕೆ ಎಂದು ದಯವಿಟ್ಟು ಕೇಳಬೇಡಿ.

ಅವರ ಹೆಸರು ಟಾಮ್ ಸ್ಯಾಟರ್ಲಿ. ಅಮೆರಿಕದ ಸೇನೆಯಲ್ಲಿ ಡೆಲ್ಟಾ ಫೋರ್ಸ್ ಎಂಬ ಅತ್ಯಂತ ಗುಪ್ತವಾದ ವಿಶೇಷ ಪಡೆಯಿದೆ. ಅದರಲ್ಲಿ ಅವರು ಸುಮಾರು 20 ವರ್ಷ ದುಡಿದರು. ಒತ್ತೆಯಾಳುಗಳನ್ನು ಬಿಡಿಸುವುದು, ರಾತ್ರೋರಾತ್ರಿ ಶತ್ರುವಿನ ಮನೆಗೆ ನುಗ್ಗುವುದು, ನಾಯಕರನ್ನು ಹಿಡಿದು ತರುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ, 2019ರಲ್ಲಿ, ಅವರು ತನ್ನ ಬದುಕಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಹೆಸರು 'ಆಲ್ ಸೆಕ್ಯೂರ್'. ಅಂದರೆ, ಎಲ್ಲವೂ ಸುರಕ್ಷಿತ. ಆದರೆ ಆ ಪುಸ್ತಕದೊಳಗೆ ಸುರಕ್ಷಿತವಾಗಿ ಉಳಿದದ್ದು ಬಹಳ ಕಡಿಮೆ.

ಒಂದು ಗಂಟೆಯ ಕೆಲಸ

ಅವರ ಬದುಕನ್ನು ಬದಲಿಸಿದ್ದು ಸೋಮಾಲಿಯಾದ ರಾಜಧಾನಿ ಮೊಗಾದಿಶು. 1991ರಲ್ಲಿ ಅಲ್ಲಿನ ಸರಕಾರ ಬಿದ್ದು ಅಂತರ್ಯುದ್ಧ ಹಬ್ಬಿತ್ತು. ಹಿಂದೆಯೇ ಭೀಕರ ಕ್ಷಾಮ ಬಂತು. ಹಸಿದವರಿಗೆ ಆಹಾರ ತಲುಪಿಸಲು ಕಾವಲು ಬೇಕೆಂದು 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಬಂದಿಳಿಯಿತು. ಅನ್ನ ಕೊಡಲು ಬಂದದ್ದು ಕ್ರಮೇಣ ಯುದ್ಧವಾಗಿ ತಿರುಗಿತು. 1993ರ ಜೂನ್ 5ರಂದು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ 24 ಪಾಕಿಸ್ತಾನಿ ಸೈನಿಕರು ಕೊಲ್ಲಲ್ಪಟ್ಟರು. ಆ ಬಳಿಕ ಬಣದ ನಾಯಕ ಮುಹಮ್ಮದ್ ಫರಾಹ್ ಐದೀದ್‌ರ ಬೇಟೆ ಶುರುವಾಯಿತು.

1993ರ ಅಕ್ಟೋಬರ್ 3ರ ಮಧ್ಯಾಹ್ನ. ಐದೀದ್‌ರ ಇಬ್ಬರು ಆಪ್ತರನ್ನು ಹಿಡಿಯಲು ಬಕಾರಾ ಮಾರುಕಟ್ಟೆಯ ಬಳಿ ಅಮೆರಿಕದ ಪಡೆ ಹೆಲಿಕಾಪ್ಟರ್‌ಗಳಲ್ಲಿ ಇಳಿಯಿತು. ಸ್ಯಾಟರ್ಲಿ ಅವರಲ್ಲೊಬ್ಬರು. ಹೆಚ್ಚೆಂದರೆ ಒಂದು ಗಂಟೆಯ ಕೆಲಸ ಎಂದು ಎಣಿಸಲಾಗಿತ್ತು. ಆದರೆ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು ನಗರದ ನಡುವೆಯೇ ಉರುಳಿದವು. ಸೈನಿಕರು ಬೀದಿಗಳಲ್ಲಿ, ಯಾರದೋ ಮನೆಗಳಲ್ಲಿ ಸಿಕ್ಕಿಬಿದ್ದರು. ರಾತ್ರಿಯಿಡೀ ಕಾದಾಟ ನಡೆಯಿತು. ಕೊನೆಗೆ ಮಲೇಷ್ಯದ ಕವಚ ವಾಹನಗಳೂ ಪಾಕಿಸ್ತಾನದ ಟ್ಯಾಂಕ್‌ಗಳೂ ಸೇರಿದ ಪಡೆ ಬಂದು ಬೆಳಗಾಗುವಾಗ ಅವರನ್ನು ಪಾರುಮಾಡಿತು. 18 ಅಮೆರಿಕನ್ನರು ಸತ್ತರು. ರಕ್ಷಿಸಲು ಬಂದ ಮಲೇಷ್ಯದ ಸೈನಿಕನೊಬ್ಬನೂ ಪ್ರಾಣ ತೆತ್ತ. ಸೋಮಾಲಿಗಳಲ್ಲಿ ಸತ್ತವರೆಷ್ಟು? ಕೆಲವರು 300 ಎಂದರು, ಕೆಲವರು ಸಾವಿರ ದಾಟಿತು ಎಂದರು. ಸರಿಯಾಗಿ ಎಣಿಸಿದವರೇ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಮನೆಯೊಳಗಿನ ಶತ್ರು

ಇಲ್ಲಿಯವರೆಗಿನದ್ದು ಸಿನಿಮಾದಲ್ಲಿ ಬಂದಿದೆ. 2001ರಲ್ಲಿ ಬಂದ ಆ ಚಿತ್ರ ಜಗತ್ತಿನಾದ್ಯಂತ ಓಡಿತು. ಸಿನಿಮಾ ಮುಗಿಯುವಲ್ಲಿ ನಮ್ಮ ಕಥೆ ಆರಂಭವಾಗುತ್ತದೆ.

ಸ್ಯಾಟರ್ಲಿ ಮೈಮೇಲೆ ಪದಕಗಳೊಂದಿಗೆ ಮನೆಗೆ ಬಂದರು. ಮತ್ತೆ ಹೋದರು, ಮತ್ತೆ ಬಂದರು. ಹೀಗೆ ಎರಡು ದಶಕ. ಎಲ್ಲಿಗೆ ಹೋಗುತ್ತೇನೆ, ಏನು ಮಾಡಿ ಬಂದೆ ಎಂದು ಹೆಂಡತಿಗೆ ಹೇಳುವಂತಿರಲಿಲ್ಲ. ಅದು ಆ ಪಡೆಯ ನಿಯಮ. ಈ ಅವಧಿಯಲ್ಲಿ ಅವರ ಮೂರು ಮದುವೆಗಳು ಮುರಿದವು. ದೇಹ ಕುಗ್ಗಿತು, ಮನಸ್ಸು ಅದಕ್ಕಿಂತ ಹೆಚ್ಚು ಕುಗ್ಗಿತು. ಯಾವ ಶತ್ರುವಿಗೂ ಬಗ್ಗದಿದ್ದ ಆ ಮನುಷ್ಯ 2014ರಲ್ಲಿ ತನ್ನ ಜೀವವನ್ನು ತಾನೇ ಕೊನೆಗೊಳಿಸುವ ನಿರ್ಧಾರಕ್ಕೆ ಬಂದು ಕಾರಿನಲ್ಲಿ ಒಬ್ಬರೇ ಕುಳಿತಿದ್ದರು. ಆ ಹೊತ್ತಿಗೆ ಮೊಬೈಲಿಗೆ ಒಂದು ಸಂದೇಶ ಬಂತು. ಎಲ್ಲಿದ್ದೀರಿ ಎಂದು ಕೇಳುವ ಸಣ್ಣ ಸಂದೇಶ. ಕಳಿಸಿದವರು ಜೆನ್ ಎಂಬ ಮಹಿಳೆ. ಅಷ್ಟರಿಂದ ಆ ಕ್ಷಣ ದಾಟಿತು. ಮುಂದೆ ಜೆನ್ ಅವರ ಪತ್ನಿಯಾದರು. ಈಗ ಇಬ್ಬರೂ ಸೇರಿ ಇಂತಹ ಸೈನಿಕರ ಮತ್ತು ಅವರ ಕುಟುಂಬಗಳ ನೆರವಿಗಾಗಿ ಒಂದು ಸಂಸ್ಥೆ ನಡೆಸುತ್ತಾರೆ.

ಸಹೋದರಿಯರೇ, ಹೀಗೇಕಾಗುತ್ತದೆ? ಯುದ್ಧದಲ್ಲಿ ಜೀವ ಉಳಿಸುವ ಗುಣಗಳೇ ಮನೆಯಲ್ಲಿ ಜೀವ ಹಿಂಡುತ್ತವೆ. ರಣರಂಗದಲ್ಲಿ ಸಣ್ಣ ಸದ್ದಿಗೂ ಎಚ್ಚರವಾಗಬೇಕು. ಮನೆಯಲ್ಲಿ ಅದೇ ಎಚ್ಚರ ನಿದ್ದೆ ಕೆಡಿಸುತ್ತದೆ. ಅಡುಗೆ ಮನೆಯಲ್ಲಿ ಪಾತ್ರೆ ಬಿದ್ದರೆ ಗಂಡ ಹೌಹಾರುತ್ತಾನೆ. ರಣರಂಗದಲ್ಲಿ ಗೆಳೆಯ ಸತ್ತರೂ ಅಳದೆ ಮುಂದೆ ಹೋಗಬೇಕು. ಮನೆಯಲ್ಲಿ ಅದೇ ಕಲ್ಲುಮನಸ್ಸು ಮಗುವಿನ ನಗುವಿಗೂ ಕರಗುವುದಿಲ್ಲ. ಅಲ್ಲಿ ಸಿಟ್ಟು ಬಲ. ಇಲ್ಲಿ ಅದೇ ಸಿಟ್ಟು ಹೆಂಡತಿಯ ಮೇಲೆ ಬೀಳುತ್ತದೆ. ಸೇನೆ ಈ ಗುಣಗಳನ್ನು ಕಲಿಸಲು ವರ್ಷಗಟ್ಟಲೆ ತರಬೇತಿ ಕೊಡುತ್ತದೆ. ಅದನ್ನು ಕಳಚಿಡಲು ಕಲಿಸುವವರು ಯಾರು?

ಇದು ಹೇಡಿತನವಲ್ಲ, ಕಾಯಿಲೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು 'ಶೆಲ್ ಶಾಕ್' ಎಂದು ಕರೆದರು. ಫಿರಂಗಿ ಸಿಡಿತದ ಆಘಾತ ಎಂಬುದು ಅದರ ಅರ್ಥ. ಆಗ ಇಂತಹ ರೋಗಿಗಳಲ್ಲಿ ಕೆಲವರನ್ನು ಹೇಡಿಗಳೆಂದು ಗುಂಡಿಕ್ಕಿ ಕೊಂದದ್ದೂ ಉಂಟು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದಕ್ಕೆ ಪಿಟಿಎಸ್‌ಡಿ ಎಂಬ ಹೆಸರು ಕೊಟ್ಟು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಆಘಾತದ ಬಳಿಕ ಕಾಡುವ ಮಾನಸಿಕ ಒತ್ತಡ ಎನ್ನಬಹುದು. ಎಷ್ಟು ದೊಡ್ಡ ವಿಷಯವಿದು ಎಂದು ತಿಳಿಯಲು ಒಂದು ಲೆಕ್ಕ ನೋಡಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಯೋಜನೆಯೊಂದು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರ ನಂತರದ ಯುದ್ಧಗಳಲ್ಲಿ ಕಾರ್ಯಾಚರಣೆಯ ವೇಳೆ ಸತ್ತ ಅಮೆರಿಕದ ಸೈನಿಕರು 7,057. ಆ ಯುದ್ಧಗಳ ಕಾಲದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 30,177 ಎಂದು ಅಂದಾಜು. ಗುಂಡಿಗೆ ಬಿದ್ದವರಿಗಿಂತ ಮನೆಗೆ ಬಂದು ಬಿದ್ದವರು ನಾಲ್ಕು ಪಟ್ಟು!

ತ್ಯಾಗ ಯಾರದ್ದು?

ಸೈನಿಕ ತ್ಯಾಗ ಮಾಡಿದ ಎನ್ನುತ್ತೇವೆ. ನಿಜ. ಆದರೆ ಅವನು ಆ ದಾರಿಯನ್ನು ತಾನಾಗಿ ಆರಿಸಿದ. ಅವನ ಮಗುವನ್ನು ಯಾರಾದರೂ ಕೇಳಿದ್ದರೇ? ತಂದೆ ಬದುಕಿದ್ದೂ ತಂದೆಯಿಲ್ಲದೆ ಬೆಳೆದ ಮಗುವಿನ ತ್ಯಾಗಕ್ಕೆ ಪದಕವಿಲ್ಲ. ಗಂಡನ ಮುಖ ನೋಡಿಕೊಂಡೇ ದಿನ ದೂಡುವ, ಇಂದು ಮಾತಾಡಬಹುದೇ ಬಾರದೇ ಎಂದು ಅಳೆದು ತೂಗಿ ಬಾಯಿ ತೆರೆಯುವ ಹೆಂಡತಿಗೆ ಪಿಂಚಣಿಯಲ್ಲಿ ಪಾಲಿರಬಹುದು, ಗೌರವದಲ್ಲಿ ಪಾಲಿಲ್ಲ. ವರ್ಷಗಟ್ಟಲೆ ಹೀಗೆ ಬದುಕಿದವಳಿಗೂ ಅದೇ ನಿದ್ದೆಗೇಡು, ಅದೇ ಭಯ ಅಂಟಿಕೊಳ್ಳುತ್ತದೆ ಎಂದು ತಜ್ಞರು ಹೇಳುತ್ತಾರೆ.

ಇನ್ನು ಆಚೆ ಕಡೆಯ ಮನೆಗಳು. ಮೊಗಾದಿಶುವಿನ ಆ ಬೀದಿಗಳಲ್ಲಿ ಇದ್ದದ್ದು ಬಂದೂಕು ಹಿಡಿದವರು ಮಾತ್ರವಲ್ಲ. ಮಾರುಕಟ್ಟೆಗೆ ಬಂದ ಹೆಂಗಸರಿದ್ದರು, ಮನೆಯೊಳಗೆ ಕುಳಿತ ಮುದುಕರಿದ್ದರು, ಮಕ್ಕಳಿದ್ದರು. ಅವರು ಯುದ್ಧಕ್ಕೆ ಹೋದವರಲ್ಲ, ಯುದ್ಧವೇ ಅವರ ಅಂಗಳಕ್ಕೆ ಬಂತು. ಸ್ಯಾಟರ್ಲಿಯವರಿಗೆ ಹಿಂದಿರುಗಲು ಒಂದು ಮನೆಯಿತ್ತು, ಎಷ್ಟೇ ತಡವಾದರೂ ಚಿಕಿತ್ಸೆಯಿತ್ತು, ಕೇಳುವ ಕಿವಿಯಿತ್ತು. ಆ ರಾತ್ರಿ ಮಗನನ್ನು ಕಳಕೊಂಡ ಸೋಮಾಲಿ ತಾಯಿಗೆ ನಿದ್ದೆ ಬಂತೇ ಎಂದು ಕೇಳಿದವರಾರು? 2025ರಲ್ಲಿ, ಘಟನೆ ನಡೆದು 31 ವರ್ಷಗಳಾದ ಮೇಲೆ, ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಸೈನಿಕರ ಜೊತೆಗೆ ಮನೆಯವರನ್ನು ಕಳಕೊಂಡ ಸೋಮಾಲಿ ಹೆಂಗಸರೂ ಮಾತಾಡಿದ್ದಾರೆ. ಹಿಂದಿನ ಸಿನಿಮಾದಲ್ಲಿ ಅವರು ಓಡುವ ಗುಂಪಾಗಿ ಮಾತ್ರ ಕಂಡಿದ್ದರು. ಈಗ ಅವರಿಗೂ ಮುಖ ಬಂದಿದೆ, ಹೆಸರು ಬಂದಿದೆ.

ಇದನ್ನು ಹೇಳುವಾಗ ಸೈನಿಕನ ನೋವನ್ನು ನಾನು ಕಡಿಮೆ ಮಾಡುತ್ತಿಲ್ಲ. ಒಂದು ನೋವಿಗೆ ಕಣ್ಣೀರಿಟ್ಟರೆ ಇನ್ನೊಂದರ ಪಾಲು ಕಡಿಮೆಯಾಗುವುದಿಲ್ಲ. ಎರಡನ್ನೂ ಕಂಡವರಿಗೆ ಯುದ್ಧವನ್ನು ಆಟವೆಂದು ಹೊಗಳಲು ಬಾಯಿ ಬರಲಾರದು.

ನಾವೇನು ಮಾಡಬಹುದು?

ನಮ್ಮ ಊರುಗಳಲ್ಲೂ ಸೇನೆಯಿಂದ ನಿವೃತ್ತರಾಗಿ ಬಂದವರಿದ್ದಾರೆ. ಪೊಲೀಸರಿದ್ದಾರೆ, ಅಪಘಾತದ ಹೆಣ ಎತ್ತುವ ಆಂಬುಲೆನ್ಸ್ ಚಾಲಕರಿದ್ದಾರೆ. ಅವರ ಮನೆಯಾಕೆ ನಮ್ಮ ನೆರೆಯವಳೋ ಬಂಧುವೋ ಆಗಿರಬಹುದು. "ನಿನ್ನ ಗಂಡನಿಗೆ ಸಿಟ್ಟು ಜಾಸ್ತಿ, ನೀನೇ ಸಹಿಸಿಕೋ" ಎಂದು ಅವಳನ್ನು ಹಿಂದಕ್ಕೆ ಕಳುಹಿಸಬೇಡಿ. ಕುಳ್ಳಿರಿಸಿ ಕೇಳಿ. ಹೊಡೆತ ತಿನ್ನುತ್ತಿದ್ದರೆ ಮೊದಲು ಅವಳ ಮತ್ತು ಮಕ್ಕಳ ರಕ್ಷಣೆ, ಆಮೇಲೆ ಉಳಿದದ್ದು. ಕಾಯಿಲೆ ಕಾರಣವಾಗಬಹುದು, ಹೊಡೆಯಲು ಪರವಾನಗಿಯಾಗದು.

ಮನೋವೈದ್ಯರ ಬಳಿ ಹೋಗುವುದು ನಾಚಿಕೆಯಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಸಂಖ್ಯೆ 14416. ಕರೆ ಉಚಿತ, ಹಗಲಿರುಳು ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೂ ಅವರ ಕುಟುಂಬದವರಿಗೂ ಇದರಡಿ ಪ್ರತ್ಯೇಕ ಘಟಕವನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಗಿದೆ. ಈ ಸಂಖ್ಯೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ನಿಮಗೆ ಬೇಡವಾದರೂ ಇನ್ಯಾರಿಗೋ ಬೇಕಾದೀತು.

ಮತ್ತೆ, ಕೆಲವು ದಿನಗಳಿಂದ ಮಾತು ಕಡಿಮೆ ಮಾಡಿ ಮೂಲೆ ಸೇರಿದವರು ಯಾರಾದರೂ ನಿಮ್ಮ ಬಳಗದಲ್ಲಿದ್ದರೆ, ನಾಳೆಗೆ ಕಾಯದೆ ಒಂದು ಕರೆ ಮಾಡಿ. ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಕೇಳಿ. ಅಷ್ಟು ಸಣ್ಣ ಮಾತಿಗೆ ಎಷ್ಟು ತೂಕವಿರುತ್ತದೆ ಎಂದು ಸ್ಯಾಟರ್ಲಿಯವರ ಕಥೆ ಹೇಳುತ್ತದೆ.

ಆ ಹುಡುಗನಿಗೆ ನಾನು ಮರುದಿನ ಉತ್ತರವನ್ನು ಸ್ವಲ್ಪ ತಿದ್ದಿ ಹೇಳಿದೆ. "ಕಮಾಂಡೋ ಮನೆಗೆ ಹೋಗ್ತಾನೆ ಮಗೂ. ಆದರೆ ಅವನ ಯುದ್ಧ ಬೇಗ ಮುಗಿಯೋದಿಲ್ಲ. ಅವನಿಗೆ ತುಂಬಾ ಜನ ಸಹಾಯ ಮಾಡ್ಬೇಕಾಗ್ತದೆ."

ಅವನು ಸ್ವಲ್ಪ ಯೋಚಿಸಿ ಕೇಳಿದ: "ಮತ್ತೆ ಗುಂಡು ತಾಗಿದವನ ಮನೆಯವರಿಗೆ?"

ಒಂಬತ್ತು ವರ್ಷದ ಹುಡುಗ. ದೊಡ್ಡವರು ಕೇಳಬೇಕಾದ ಪ್ರಶ್ನೆಯನ್ನು ಅವನೇ ಕೇಳಿದ.