ಶಿರಸ್ತ್ರಾಣವೂ ವ್ಯಾಪಾರದ ಬಂಡವಾಳವೇ

ಮೈಸೂರಿನಿಂದ ಎಚ್.ಡಿ. ಕೋಟೆಯತ್ತ ಸಾಗುವ ರಸ್ತೆಯ ಹಂಪಾಪುರದಂತಹ ಊರುಗಳಲ್ಲಿ ಸಣ್ಣ ವ್ಯಾಪಾರದ ಬೆನ್ನೆಲುಬು ದ್ವಿಚಕ್ರ ವಾಹನ. ಅಂಗಡಿಗೆ ಸರಕು, ಹೊಲಕ್ಕೆ ಗೊಬ್ಬರ, ಬ್ಯಾಂಕಿಗೆ ಹಣ ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ದಾಸ್ತಾನಿಗೆ ವಿಮೆ ಮಾಡಿಸುವ ವರ್ತಕರು ಸವಾರನ ತಲೆಯನ್ನು ಮಾತ್ರ ಅದೃಷ್ಟಕ್ಕೆ ಬಿಡುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಸರಿಯಲ್ಲ.

ಸುಮಾರು 1,400 ಗ್ರಾಂ ತೂಕದ ಮೃದುವಾದ ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ನೆಲಕ್ಕೆ ಬಡಿದಾಗ ಬುರುಡೆ ಒಡೆಯದಿದ್ದರೂ ಮಿದುಳು ಅದರ ಒಳಗೋಡೆಗೆ ಅಪ್ಪಳಿಸಬಹುದು. ರಕ್ತನಾಳ ಹರಿದರೆ ಸೋರಿದ ರಕ್ತ ಕೆಲವು ಗಂಟೆಗಳ ನಂತರ ಮಿದುಳನ್ನು ಒತ್ತುತ್ತದೆ. ಆದುದರಿಂದಲೇ ಬಿದ್ದವನು ಎದ್ದು ಮಾತನಾಡಿ, ಸಂಜೆಗೆ ಪ್ರಜ್ಞೆ ತಪ್ಪುವುದುಂಟು. ಮರಳಿ ಮರಳಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಮಾತಿನ ತೊದಲು ಕಂಡುಬಂದರೆ ಮಲಗಿಸಿ ಕಾಯುವುದು ಅಪಾಯಕರ. ಕೂಡಲೇ 108ಕ್ಕೆ ಕರೆ ಮಾಡಬೇಕು.

ಅಪಾಯ ರಸ್ತೆಗಷ್ಟೇ ಸೀಮಿತವಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ತಂಬಾಕು ಬ್ಯಾರನ್‌ಗಳಲ್ಲಿ ಎತ್ತರದ ಅಡ್ಡಮರಗಳ ಮೇಲೆ ನಿಂತು ಸೊಪ್ಪು ಏರಿಸುವವರಿಗೂ, ತೆಂಗಿನ ಮರ ಹತ್ತುವವರಿಗೂ ಇದೇ ಭಯ.

ಶಿರಸ್ತ್ರಾಣ ಧರಿಸುವುದು ಸವಾರನ ಸ್ವಂತ ಹೊಣೆ ಎಂಬ ವಾದವುಂಟು. ಆದರೆ ಸರಕು ತಲುಪಬೇಕಾದ ವೇಳೆಯನ್ನೂ, ವಾಹನದ ಮೇಲಿನ ಹೊರೆಯನ್ನೂ ನಿಗದಿಪಡಿಸುವವರು ಮಾಲೀಕರೇ. ಕರ್ನಾಟಕದಲ್ಲಿ ಹಿಂಬದಿ ಸವಾರನಿಗೂ ಶಿರಸ್ತ್ರಾಣ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಐಎಸ್‌ಐ ಮುದ್ರೆಯಿಲ್ಲದ ಶಿರಸ್ತ್ರಾಣದ ಮಾರಾಟಕ್ಕೆ 2021ರ ಜೂನ್‌ನಿಂದ ನಿಷೇಧವಿದೆ. ದಂಡ ತಪ್ಪಿಸಲು ಕೊಂಡ ತೆಳುವಾದ ಟೋಪಿ ಪೊಲೀಸರ ಕಣ್ಣಿಗೆ ಸಾಕಾದೀತು, ಮಿದುಳಿಗೆ ಸಾಲದು. ಅಂತಹ ಸರಕನ್ನು ಮಾರದಿರುವುದೂ ವರ್ತಕ ಧರ್ಮವೇ.

ಗಾಯಾಳುವಿಗೆ ನೆರವಾದರೆ ಕೋರ್ಟು ಕಚೇರಿ ಅಲೆಯಬೇಕೆಂಬ ಹಿಂಜರಿಕೆಗೂ ಈಗ ಕಾರಣವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಅಂತಹವರಿಗೆ ರಕ್ಷಣೆ ನೀಡಿದೆ. ಕೇಂದ್ರ ಸರ್ಕಾರದ 2025ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಅತಿ ಕಡಿಮೆ ಚರ್ಚೆಗೆ ಬರುವ ವಿಷಯ ಚಿಕಿತ್ಸೆಯ ಅನಂತರದ್ದು. ಗಾಯ ಮಾಗಿದರೂ ಮರೆವು, ಸಿಡುಕು, ಬೇಗ ದಣಿಯುವಿಕೆ ತಿಂಗಳುಗಟ್ಟಲೆ ಉಳಿಯಬಹುದು. ಲೆಕ್ಕ ತಪ್ಪುವ ಗುಮಾಸ್ತನನ್ನು ಸೋಮಾರಿಯೆಂದು ಕೆಲಸದಿಂದ ತೆಗೆದರೆ ಒಂದು ಸಂಸಾರವೇ ಬೀದಿಗೆ ಬೀಳುತ್ತದೆ. ಆರಂಭದಲ್ಲಿ ಅರ್ಧ ದಿನದ ಕೆಲಸ, ಬರೆದುಕೊಟ್ಟ ಸೂಚನೆ, ಸ್ವಲ್ಪ ತಾಳ್ಮೆ ದೊರೆತರೆ ಅನೇಕರು ಮತ್ತೆ ದುಡಿಮೆಗೆ ಒದಗುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಮಾದರಿಯ ಸಂಸ್ಥೆಯನ್ನು ಮೈಸೂರಿನಲ್ಲಿ ಸ್ಥಾಪಿಸುವುದಾಗಿ 2025-26ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾಗಿದೆ. ಅದು ಸ್ವಾಗತಾರ್ಹ. ಆದರೆ ಎಷ್ಟೇ ದೊಡ್ಡ ಆಸ್ಪತ್ರೆ ಬಂದರೂ ಅಪಘಾತದ ಮೊದಲ ಗಂಟೆ ಊರಿನವರ ಕೈಯಲ್ಲೇ ಇರುತ್ತದೆ. ಪ್ರತಿ ವರ್ತಕರೂ ತಮ್ಮ ಸಿಬ್ಬಂದಿಗೆ ಉತ್ತಮ ಶಿರಸ್ತ್ರಾಣ ಒದಗಿಸಿ ಅದರ ವೆಚ್ಚವನ್ನು ವ್ಯಾಪಾರದ ಖರ್ಚಿನಲ್ಲಿ ಬರೆದುಕೊಳ್ಳುವುದು ವಿವೇಕದ ಮಾರ್ಗ.